ಅಪಾರ ಭೂಮಿಯ ನಾಡಿನಲ್ಲಿ ನೆಲದ ಲೆಕ್ಕ
ಕೆನಡಾದ ಮಧ್ಯಮ ಗಾತ್ರದ ನಗರಗಳು: ಜನವೆಷ್ಟು, ಜಾಗವೆಷ್ಟು?

ಭೂಪಟದಲ್ಲಿ ಕೆನಡಾ ದೇಶವನ್ನು ನೋಡಿದವರಿಗೆ, ಇಷ್ಟು ದೊಡ್ಡ ನಾಡಿನಲ್ಲಿ ಜಾಗದ ಕೊರತೆ ಉಂಟಾಗಲು ಸಾಧ್ಯವೇ ಎಂಬ ಸಂದೇಹ ಮೂಡುವುದು ಸಹಜ. ರಷ್ಯಾವನ್ನು ಬಿಟ್ಟರೆ ಪ್ರಪಂಚದಲ್ಲೇ ಅತ್ಯಂತ ವಿಸ್ತಾರವಾದ ದೇಶವದು. ಅದರ ಒಟ್ಟು ವಿಸ್ತೀರ್ಣ ಸುಮಾರು 99.8 ಲಕ್ಷ ಚದರ ಕಿಲೋಮೀಟರು. ಕೆರೆ, ಸರೋವರ, ನದಿಗಳನ್ನು ಕಳೆದು ನೆಲವನ್ನಷ್ಟೇ ಎಣಿಸಿದರೂ ಸುಮಾರು 88 ಲಕ್ಷ ಚದರ ಕಿಲೋಮೀಟರು ಉಳಿಯುತ್ತದೆ. 2021ರ ಮೇ ತಿಂಗಳಲ್ಲಿ ನಡೆದ ಜನಗಣತಿಯಲ್ಲಿ ಅಲ್ಲಿ ಎಣಿಕೆಗೆ ಬಂದವರು 3,69,91,981 ಮಂದಿ. ಎಂದರೆ ಒಂದು ಚದರ ಕಿಲೋಮೀಟರಿಗೆ ಸರಾಸರಿ ನಾಲ್ಕೇ ಜನ. ನಮ್ಮ ಕರ್ನಾಟಕದಲ್ಲಿ ಈ ಸಂಖ್ಯೆ 2011ರ ಜನಗಣತಿಯಂತೆ 319. 2023ರ ಜೂನ್ ತಿಂಗಳಲ್ಲಿ ಕೆನಡಾದ ಜನಸಂಖ್ಯೆ ನಾಲ್ಕು ಕೋಟಿಯನ್ನು ದಾಟಿತು. ಆದರೂ ಒಟ್ಟು ಚಿತ್ರ ಹೆಚ್ಚು ಬದಲಾಗಿಲ್ಲ.

ಆದರೆ ಸರಾಸರಿ ಎಂಬುದು ಒಂದು ಮಂಜಿನ ತೆರೆಯಿದ್ದಂತೆ. ಅದರ ಹಿಂದಿರುವುದು ಸ್ಪಷ್ಟವಾಗಿ ಕಾಣುವುದಿಲ್ಲ. ಉತ್ತರದ ಬಹುಭಾಗ ಹಿಮ, ಬಂಡೆ ಮತ್ತು ಕಾಡು. ಜನರು ನೆಲೆಸಿರುವುದು ಹೆಚ್ಚಾಗಿ ದಕ್ಷಿಣದಲ್ಲಿ, ಅಮೆರಿಕದ ಗಡಿಗೆ ಸಮೀಪವಾದ ಭಾಗದಲ್ಲಿ. ಜನಗಣತಿ ಇಲಾಖೆಯು ಗುರುತಿಸಿರುವ 41 ಮಹಾನಗರ ಪ್ರದೇಶಗಳಲ್ಲಿಯೇ ದೇಶದ ನಾಲ್ಕರಲ್ಲಿ ಮೂರು ಪಾಲಿಗೆ ಸಮೀಪದಷ್ಟು ಜನ ವಾಸಿಸುತ್ತಾರೆ. ಟೊರೊಂಟೊ, ಮಾಂಟ್ರಿಯಲ್ ಮತ್ತು ವ್ಯಾಂಕೂವರ್ ಎಂಬ ಮೂರು ಪ್ರದೇಶಗಳಲ್ಲೇ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಸೇರಿದ್ದಾರೆ. ಈ ಮೂರು ಹೆಸರುಗಳು ನಮಗೆಲ್ಲ ಪರಿಚಿತ. ಪರಿಚಯವಿಲ್ಲದವು ಒಂದು ಲಕ್ಷದಿಂದ ಆರು ಲಕ್ಷದವರೆಗೆ ಜನಸಂಖ್ಯೆಯುಳ್ಳ ಮಧ್ಯಮ ನಗರಗಳು. ದೇಶದ ಭೂಮಿಯ ಭವಿಷ್ಯ ಬಹುಮಟ್ಟಿಗೆ ನಿರ್ಧಾರವಾಗುತ್ತಿರುವುದು ಈ ನಗರಗಳ ಅಂಚಿನಲ್ಲಿಯೇ.

ನಗರವೆಂದರೆ ಎಲ್ಲಿಂದ ಎಲ್ಲಿಯವರೆಗೆ?

ಒಂದು ನಗರದ ಜನಸಂಖ್ಯೆ ಎಷ್ಟೆಂದು ಕೇಳಿದರೆ ಕೆನಡಾದಲ್ಲಿ ಮೂರು ಬೇರೆ ಬೇರೆ ಉತ್ತರಗಳು ದೊರೆಯುತ್ತವೆ. ಮೂರೂ ಸರಿಯೇ.

ಮೊದಲನೆಯದು ನಗರಾಡಳಿತದ ಗಡಿ. ತೆರಿಗೆ ವಸೂಲಿ, ನೀರು ಪೂರೈಕೆ, ರಸ್ತೆಯ ಹಿಮ ತೆಗೆಸುವ ಹೊಣೆ ಇವೆಲ್ಲ ಈ ಗೆರೆಯೊಳಗೆ ನಡೆಯುತ್ತವೆ. ಎರಡನೆಯದು ಜನಗಣತಿಯ ಮಹಾನಗರ ಪ್ರದೇಶ. ಕನಿಷ್ಠ ಒಂದು ಲಕ್ಷ ಜನರಿರುವ, ಅವರಲ್ಲಿ ಕನಿಷ್ಠ 50 ಸಾವಿರ ಮಂದಿ ನಡುಭಾಗದಲ್ಲಿ ವಾಸಿಸುವ ಪ್ರದೇಶಕ್ಕೆ ಈ ಹೆಸರು ಸಲ್ಲುತ್ತದೆ. ಸುತ್ತಲಿನ ಊರೊಂದರ ದುಡಿಯುವ ಜನರಲ್ಲಿ ಅರ್ಧದಷ್ಟಾದರೂ ನಡುಭಾಗಕ್ಕೆ ಕೆಲಸಕ್ಕೆ ಬರುವುದಾದರೆ ಆ ಊರನ್ನೂ ಇದರಲ್ಲಿ ಸೇರಿಸಿಕೊಳ್ಳುತ್ತಾರೆ. ಮೂರನೆಯದು ಜನವಸತಿ ಕೇಂದ್ರ. ಕನಿಷ್ಠ ಒಂದು ಸಾವಿರ ಜನರಿದ್ದು, ಚದರ ಕಿಲೋಮೀಟರಿಗೆ 400 ಮಂದಿಗಿಂತ ಕಡಿಮೆಯಿಲ್ಲದಂತೆ ಮನೆಗಳು ಒತ್ತಾಗಿರುವ ನೆಲವನ್ನು ಮಾತ್ರ ಇದರಲ್ಲಿ ಎಣಿಸುತ್ತಾರೆ. 2011ಕ್ಕೆ ಮೊದಲು ಇದನ್ನೇ ನಗರ ಪ್ರದೇಶವೆಂದು ಕರೆಯುತ್ತಿದ್ದರು.

ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್ ಈ ವ್ಯತ್ಯಾಸಕ್ಕೆ ಉತ್ತಮ ನಿದರ್ಶನ. 1996ರಲ್ಲಿ ಹ್ಯಾಲಿಫ್ಯಾಕ್ಸ್, ಡಾರ್ಟ್‌ಮತ್, ಬೆಡ್‌ಫರ್ಡ್ ಪಟ್ಟಣಗಳನ್ನೂ ಸುತ್ತಲಿನ ಗ್ರಾಮಾಂತರ ಪ್ರದೇಶವನ್ನೂ ಒಂದೇ ಆಡಳಿತಕ್ಕೆ ಸೇರಿಸಲಾಯಿತು. 2021ರಲ್ಲಿ ಈ ಆಡಳಿತದ ಜನಸಂಖ್ಯೆ 4,39,819. ನೆಲದ ವಿಸ್ತೀರ್ಣ ಸುಮಾರು 5,476 ಚದರ ಕಿಲೋಮೀಟರು. ಭಾಗಿಸಿ ನೋಡಿದರೆ ಚದರ ಕಿಲೋಮೀಟರಿಗೆ 80 ಮಂದಿ. ಇದು ನಗರದ ಲಕ್ಷಣವೇ ಅಲ್ಲ. ಆದರೆ ಬಂದರಿನ ಸುತ್ತ ಕೂಡಿಕೊಂಡಿರುವ ಜನವಸತಿ ಕೇಂದ್ರವನ್ನು ಮಾತ್ರ ತೆಗೆದುಕೊಂಡರೆ ಸುಮಾರು 240 ಚದರ ಕಿಲೋಮೀಟರಿನಲ್ಲಿ ಸುಮಾರು 3 ಲಕ್ಷ 48 ಸಾವಿರ ಜನ. ಉಳಿದ ಐದು ಸಾವಿರ ಚದರ ಕಿಲೋಮೀಟರು ಕಾಡು, ಸರೋವರ ತೀರ ಮತ್ತು ಮೀನುಗಾರರ ಹಳ್ಳಿಗಳು. ಒಂದೇ ಹೆಸರಿನ ಊರು. ಗೆರೆ ಬದಲಾದರೆ ಊರಿನ ಸ್ವರೂಪವೇ ಬದಲಾಗುತ್ತದೆ.

ಎರಡು ತುದಿಗಳು

ಪಶ್ಚಿಮ ಕರಾವಳಿಯ ವಿಕ್ಟೋರಿಯಾ ಇದಕ್ಕೆ ನೇರ ವಿರುದ್ಧವಾದುದು. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ರಾಜಧಾನಿಯಾದ ಈ ನಗರದ ಆಡಳಿತ ವ್ಯಾಪ್ತಿ ಕೇವಲ 19.45 ಚದರ ಕಿಲೋಮೀಟರು. ಅದರಲ್ಲಿ 91,867 ಜನ. ಸಾಂದ್ರತೆ ಚದರ ಕಿಲೋಮೀಟರಿಗೆ 4,700ಕ್ಕೂ ಮೇಲು. ಪಕ್ಕದ ಸಾನಿಚ್ ಎಂಬ ಊರಿನ ಜನಸಂಖ್ಯೆ ರಾಜಧಾನಿಗಿಂತಲೂ ಹೆಚ್ಚು. ಸುತ್ತಲಿನ ಊರುಗಳೆಲ್ಲ ತಮ್ಮ ತಮ್ಮ ಪೌರಾಡಳಿತವನ್ನು ಉಳಿಸಿಕೊಂಡಿರುವುದರಿಂದ ನಗರದ ಹೆಸರಿನಲ್ಲಿ ಕಾಣುವ ಅಂಕಿ ಚಿಕ್ಕದು; ಇಡೀ ಮಹಾನಗರ ಪ್ರದೇಶದ ಜನ 3,97,237.

ಇನ್ನೊಂದು ತುದಿಯಲ್ಲಿರುವುದು ಒಂಟಾರಿಯೊ ಪ್ರಾಂತದ ಉತ್ತರ ಭಾಗದ ಗ್ರೇಟರ್ ಸಡ್‌ಬರಿ. ನಿಕಲ್ ಗಣಿಗಳಿಂದ ಬೆಳೆದ ಈ ಊರನ್ನು 2001ರಲ್ಲಿ ಸುತ್ತಲಿನ ಗಣಿ ಪಟ್ಟಣಗಳೊಂದಿಗೆ ವಿಲೀನಗೊಳಿಸಲಾಯಿತು. ಈಗ ಅದರ ವಿಸ್ತೀರ್ಣ ಸುಮಾರು 3,186 ಚದರ ಕಿಲೋಮೀಟರು, ಜನಸಂಖ್ಯೆ 1,66,004. ಚದರ ಕಿಲೋಮೀಟರಿಗೆ 52 ಮಂದಿ ಮಾತ್ರ. ನಗರದ ಎಲ್ಲೆಯೊಳಗೇ ಮುನ್ನೂರಕ್ಕೂ ಹೆಚ್ಚು ಸರೋವರಗಳಿವೆ. ಅದುರು ಕರಗಿಸುವ ಕುಲುಮೆಗಳ ಹೊಗೆಯಿಂದ ಬೋಳಾಗಿದ್ದ ಸುತ್ತಲಿನ ಬೆಟ್ಟಗಳ ಮೇಲೆ 1978ರಿಂದ ಆರಂಭಿಸಿ ಇದುವರೆಗೆ ಒಂದು ಕೋಟಿ ಸಸಿಗಳನ್ನು ನೆಟ್ಟಿದ್ದಾರೆ.

ಎಲ್ಲಕ್ಕೂ ಮಿಗಿಲಾದ ಉದಾಹರಣೆ ಆಲ್ಬರ್ಟಾ ಪ್ರಾಂತದ ವುಡ್ ಬಫೆಲೊ. ಅದರ ಜನಸಂಖ್ಯೆ 72,326. ಒಂದೇ ಪೌರಾಡಳಿತಕ್ಕೆ ಸೇರಿದ ಅದರ ನೆಲ ಸುಮಾರು 61 ಸಾವಿರ ಚದರ ಕಿಲೋಮೀಟರು. ಕರ್ನಾಟಕದ ಮೂರರಲ್ಲೊಂದು ಭಾಗಕ್ಕೆ ಹತ್ತಿರವಾಯಿತು! ಆದರೆ ಆ ಜನರಲ್ಲಿ ಬಹುತೇಕ ಎಲ್ಲರೂ ವಾಸಿಸುವುದು ತೈಲ ಉದ್ಯಮದ ಊರಾದ ಫೋರ್ಟ್ ಮ್ಯಾಕ್‌ಮರಿಯಲ್ಲಿ.

ಇವೆರಡರ ನಡುವಣ ಮಾರ್ಗದಲ್ಲಿರುವುದು ಒಂಟಾರಿಯೊದ ಲಂಡನ್ ನಗರ. 1993ರಲ್ಲಿ ಸುತ್ತಲಿನ ಕೃಷಿಭೂಮಿಯನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡ ಈ ನಗರದ ವಿಸ್ತೀರ್ಣ 420 ಚದರ ಕಿಲೋಮೀಟರು, ಜನ 4,22,324. ಚದರ ಕಿಲೋಮೀಟರಿಗೆ ಸುಮಾರು ಒಂದು ಸಾವಿರ.

ಹುಲ್ಲುಗಾವಲಿನ ನಾಡಿನ ದೂರದೃಷ್ಟಿ

ದೇಶದ ಮಧ್ಯಭಾಗದ ಬಯಲು ಪ್ರಾಂತಗಳನ್ನು 1871ರಿಂದ ಆರಂಭವಾದ ಭೂಮಾಪನದಲ್ಲಿ ಚೌಕಗಳಾಗಿ ವಿಭಾಗಿಸಲಾಯಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದೊಂದು ಚೌಕದಲ್ಲಿ 36 ಖಂಡಗಳು. ಒಂದೊಂದು ಖಂಡ 640 ಎಕರೆ. ವಲಸೆ ಬಂದ ರೈತ ಕುಟುಂಬಕ್ಕೆ ಅದರ ಕಾಲುಭಾಗ, ಎಂದರೆ 160 ಎಕರೆ ದೊರೆಯುತ್ತಿತ್ತು. ಅಲ್ಲಿ ಮೊದಲಿನಿಂದ ಬಾಳುತ್ತಿದ್ದ ಮೂಲನಿವಾಸಿಗಳ ನೆಲವೇ ಹೀಗೆ ಹಂಚಿಕೆಯಾಯಿತೆಂಬುದನ್ನೂ ಮರೆಯುವಂತಿಲ್ಲ.

ಈ ಬಯಲಿನಲ್ಲಿ ಬೆಳೆದ ಸಸ್ಕಾಟೂನ್ ನಗರದಲ್ಲಿ 2021ರಲ್ಲಿ 2,66,141 ಜನ. ವಿಸ್ತೀರ್ಣ ಸುಮಾರು 227 ಚದರ ಕಿಲೋಮೀಟರು. ನಗರದ ವಿಸ್ತರಣೆಗೆ ಬೇಕಾಗುವ ಭೂಮಿಯನ್ನು ನಗರಾಡಳಿತವೇ ಮುಂಚಿತವಾಗಿ ಕೊಂಡಿಟ್ಟು, ರಸ್ತೆ, ನೀರು, ಚರಂಡಿಗಳನ್ನು ಒದಗಿಸಿ, ನಿವೇಶನಗಳನ್ನಾಗಿ ಮಾರುವ ಪದ್ಧತಿ ಅಲ್ಲಿದೆ. 1950ರ ದಶಕದಿಂದ ನಡೆದು ಬಂದ ಈ ವ್ಯವಸ್ಥೆಯಿಂದ ಬರುವ ಲಾಭ ಪುನಃ ಊರಿನ ಕೆಲಸಕ್ಕೇ ಸಲ್ಲುತ್ತದೆ. ಭೂಮಿ ಯಾರ ಕೈಯಲ್ಲಿದೆಯೆಂಬುದು ಭೂಮಿ ಎಷ್ಟಿದೆಯೆಂಬುದರಷ್ಟೇ ಮುಖ್ಯವೆನ್ನಲು ಇದೊಂದು ದೃಷ್ಟಾಂತ.

ಬೆಳೆಯ ನೆಲ, ಮನೆಯ ನೆಲ

ಇಷ್ಟೊಂದು ಭೂಮಿಯಿದ್ದೂ ಚಿಂತೆ ಏತಕ್ಕೆ? ಉತ್ತರ ಮಣ್ಣಿನಲ್ಲಿದೆ. ಕೆನಡಾದ ಒಟ್ಟು ನೆಲದಲ್ಲಿ ಬೇಸಾಯಕ್ಕೆ ತಕ್ಕಮಟ್ಟಿಗೆ ಅನುಕೂಲವಾದುದು ಸುಮಾರು ಶೇಕಡ 5 ಮಾತ್ರ. ಅತ್ಯುತ್ತಮ ದರ್ಜೆಯ ಮಣ್ಣು ಶೇಕಡ ಅರ್ಧದಷ್ಟೇ. ಆ ಅತ್ಯುತ್ತಮ ಮಣ್ಣಿನ ಸುಮಾರು ಅರ್ಧ ಭಾಗ ಒಂಟಾರಿಯೊ ಪ್ರಾಂತದಲ್ಲಿಯೇ ಇದೆ. ಹಿಂದಿನವರು ಬೆಳೆ ಚೆನ್ನಾಗಿ ಬರುವ ಕಡೆಯೇ ಊರು ಕಟ್ಟಿದರು. ಇಂದು ಅದೇ ಊರುಗಳು ಬೆಳೆದು ಬೆಳೆಯ ನೆಲವನ್ನು ಆಕ್ರಮಿಸುತ್ತಿವೆ.

ಕಿಚನರ್, ಕೇಂಬ್ರಿಜ್, ವಾಟರ್‌ಲೂ ನಗರಗಳ ಕೂಟವನ್ನು ನೋಡೋಣ. ಇದರ ಜನಸಂಖ್ಯೆ 2021ರಲ್ಲಿ 5,75,847. ಪ್ರಸಿದ್ಧ ವಿಶ್ವವಿದ್ಯಾಲಯವೂ ಗಣಕ ಉದ್ಯಮಗಳೂ ಇರುವ ಈ ನಗರಗಳ ಪಕ್ಕದಲ್ಲೇ ಇಂದಿಗೂ ಕುದುರೆಗಾಡಿಯಲ್ಲಿ ಸಂಚರಿಸುವ ಮೆನ್ನೊನೈಟ್ ರೈತ ಕುಟುಂಬಗಳ ಹೊಲಗಳಿವೆ. ಈ ಪ್ರದೇಶದ ಕುಡಿಯುವ ನೀರಿನ ಬಹುಭಾಗ ಅಂತರ್ಜಲ. ಮಳೆನೀರು ಇಂಗುವ ನೆಲವನ್ನು ಕಾಂಕ್ರೀಟಿನಿಂದ ಮುಚ್ಚಿದರೆ ಬಾವಿಗಳಿಗೇ ಕುತ್ತು. ಆದ್ದರಿಂದ ನಗರ ಇಲ್ಲಿಂದ ಆಚೆಗೆ ಹಬ್ಬಬಾರದೆಂದು ಒಂದು ಗೆರೆ ಎಳೆದು, ಅದರೊಳಗೇ ಮನೆಗಳನ್ನು ಒತ್ತಾಗಿ ಕಟ್ಟುವ ಧೋರಣೆಯನ್ನು ಅಲ್ಲಿನ ಪ್ರಾದೇಶಿಕ ಆಡಳಿತ ಅನುಸರಿಸಿತು. 2019ರ ಜೂನ್ ತಿಂಗಳಲ್ಲಿ ವಾಟರ್‌ಲೂ ಮತ್ತು ಕಿಚನರ್ ನಡುವೆ 19 ಕಿಲೋಮೀಟರು ಉದ್ದದ ಲಘು ರೈಲು ಸಂಚಾರ ಆರಂಭವಾಯಿತು. ಹಳಿಯ ಇಕ್ಕೆಲಗಳಲ್ಲಿ ಈಗ ಬಹುಮಹಡಿ ಕಟ್ಟಡಗಳು ತಲೆಯೆತ್ತಿವೆ.

ಬ್ರಿಟಿಷ್ ಕೊಲಂಬಿಯಾದ ಕೆಲೋನಾ 2016ರಿಂದ 2021ರ ಅವಧಿಯಲ್ಲಿ ದೇಶದ ಮಹಾನಗರ ಪ್ರದೇಶಗಳಲ್ಲೆಲ್ಲ ಅತಿ ವೇಗವಾಗಿ, ಶೇಕಡ 14ರಷ್ಟು ಬೆಳೆದು 2,22,162 ಜನರನ್ನು ತಲುಪಿತು. ಒಂದು ಕಡೆ ಒಕನಾಗನ್ ಸರೋವರ, ಮತ್ತೊಂದು ಕಡೆ ಬೆಟ್ಟ, ನಡುವೆ ಹಣ್ಣಿನ ತೋಟಗಳು. ಆ ಪ್ರಾಂತವು 1973ರಲ್ಲಿಯೇ ಕಾನೂನು ಮಾಡಿ ಕೃಷಿಭೂಮಿಯನ್ನು ಮೀಸಲಾಗಿ ಇರಿಸಿದೆ. ಆದ್ದರಿಂದ ತೋಟದ ನೆಲ ಬಹುಮಟ್ಟಿಗೆ ಉಳಿಯಿತು. ಮನೆಗಳು ಬೆಟ್ಟದ ಇಳಿಜಾರು ಹತ್ತಿದವು. ಅಲ್ಲಿ ಕಾಡ್ಗಿಚ್ಚಿನ ಭಯ. 2003ರಲ್ಲಿಯೂ 2023ರಲ್ಲಿಯೂ ಬೆಂಕಿ ಕಾಡನ್ನು ದಾಟಿ ಮನೆಗಳನ್ನು ಸುಟ್ಟಿತು. ಒಂದನ್ನು ಉಳಿಸಲು ಹೋದರೆ ಇನ್ನೊಂದು ಕಡೆ ಬೆಲೆ ತೆರಬೇಕಾಗುತ್ತದೆ.

ಹ್ಯಾಮಿಲ್ಟನ್ ನಗರದ ಗಡಿ

ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಎದ್ದುದು ಹ್ಯಾಮಿಲ್ಟನ್ ನಗರದಲ್ಲಿ. ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಈ ನಗರವನ್ನು 2001ರಲ್ಲಿ ಸುತ್ತಲಿನ ಊರುಗಳೊಂದಿಗೆ ಒಂದುಗೂಡಿಸಲಾಯಿತು. ವಿಸ್ತೀರ್ಣ ಸುಮಾರು 1,118 ಚದರ ಕಿಲೋಮೀಟರು. 2021ರಲ್ಲಿ ಜನ 5,69,353. ನೆಲದ ಹೆಚ್ಚು ಭಾಗ ಹೊಲ, ತೋಟ, ಹಳ್ಳಿ.

ಮುಂದಿನ ಮೂವತ್ತು ವರ್ಷಗಳ ಜನಸಂಖ್ಯೆಗಾಗಿ ನಗರದ ಎಲ್ಲೆಯನ್ನು ಹೊಲಗಳ ಕಡೆಗೆ ವಿಸ್ತರಿಸಬೇಕೇ ಎಂದು ನಗರಸಭೆ 2021ರಲ್ಲಿ ಮನೆಮನೆಗೆ ಪತ್ರ ಕಳುಹಿಸಿ ಅಭಿಪ್ರಾಯ ಕೇಳಿತು. ಉತ್ತರಿಸಿದ 18 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು ಶೇಕಡ 90 ಜನ ವಿಸ್ತರಣೆ ಬೇಡವೆಂದರು. ಅದೇ ವರ್ಷದ ನವೆಂಬರಿನಲ್ಲಿ ನಗರಸಭೆ ಗಡಿಯನ್ನು ಇದ್ದಂತೆಯೇ ಉಳಿಸಿಕೊಳ್ಳಲು ತೀರ್ಮಾನಿಸಿತು. ಮನೆಗಳ ಅಭಾವವನ್ನು ಮುಂದಿಟ್ಟ ಪ್ರಾಂತ ಸರ್ಕಾರ 2022ರ ನವೆಂಬರಿನಲ್ಲಿ ಈ ತೀರ್ಮಾನವನ್ನು ಬದಿಗೊತ್ತಿ ಸುಮಾರು 2,200 ಹೆಕ್ಟೇರ್ ಭೂಮಿಯನ್ನು ನಗರಕ್ಕೆ ಸೇರಿಸಿತು. ಜನರ ವಿರೋಧ ಪ್ರಬಲವಾಗಿ, 2023ರ ಅಂತ್ಯದಲ್ಲಿ ಸರ್ಕಾರವೇ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಆದರೆ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಹೊಸ ನಿಯಮಗಳು ಖಾಸಗಿ ಭೂಮಾಲೀಕರಿಗೂ ಗಡಿ ವಿಸ್ತರಣೆಯನ್ನು ಕೋರಲು ಅವಕಾಶ ನೀಡಿದ್ದರಿಂದ ಚರ್ಚೆ ಮತ್ತೆ ತಲೆಯೆತ್ತಿತು.

ಎರಡೂ ಪಕ್ಷಗಳ ಮಾತಿನಲ್ಲಿ ಸತ್ಯಾಂಶವಿದೆ. ಮನೆ ಸಿಗದೆ ಅಲೆಯುವ ಯುವ ದಂಪತಿಗಳಿಗೆ ಸೂರು ಬೇಕು. ಹೊಲ ಒಮ್ಮೆ ಬಡಾವಣೆಯಾದರೆ ಅದು ಮತ್ತೆ ಹೊಲವಾಗುವುದಿಲ್ಲ. ದೂರದ ಬಡಾವಣೆಗೆ ನೀರಿನ ಕೊಳವೆ, ರಸ್ತೆ, ಬಸ್ಸು ಒದಗಿಸುವ ವೆಚ್ಚ ಕೊನೆಗೆ ಊರಿನ ಎಲ್ಲ ತೆರಿಗೆದಾರರ ಮೇಲೆ ಬೀಳುತ್ತದೆ.

ಮಕ್ಕಳನ್ನು ಕಳುಹಿಸುವ ಮನೆಗಳವರಿಗೆ

ಇದು ನಮಗೆ ಸಂಬಂಧಿಸದ ದೂರದ ವಿಷಯವೆಂದು ತಿಳಿಯಬೇಕಾಗಿಲ್ಲ. ಕರ್ನಾಟಕದ ಅನೇಕ ಮನೆಗಳ ಮಕ್ಕಳು ಉನ್ನತ ವ್ಯಾಸಂಗಕ್ಕಾಗಿ ವಾಟರ್‌ಲೂ, ಲಂಡನ್, ವಿಂಡ್ಸರ್, ಹ್ಯಾಲಿಫ್ಯಾಕ್ಸ್ ಮುಂತಾದ ನಗರಗಳಿಗೆ ಹೋಗುತ್ತಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆ ಏರಿದಂತೆ ಈ ಮಧ್ಯಮ ನಗರಗಳಲ್ಲಿ ಬಾಡಿಗೆಯೂ ಏರಿತು. ವಸತಿಯ ಒತ್ತಡವನ್ನು ಒಂದು ಕಾರಣವಾಗಿ ಹೇಳಿ, ಕೆನಡಾ ಸರ್ಕಾರ 2024ರ ಜನವರಿಯಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ನೀಡುವ ಪರವಾನಗಿಗಳಿಗೆ ಮಿತಿ ಹೇರಿತು.

ಆದ್ದರಿಂದ ತಂದೆತಾಯಿಗಳು ಕಾಲೇಜಿನ ಹೆಸರಿನ ಜೊತೆಗೆ ಊರಿನ ಲೆಕ್ಕವನ್ನೂ ವಿಚಾರಿಸುವುದು ಒಳಿತು. ಹೇಳುವ ಜನಸಂಖ್ಯೆ ಯಾವ ಗೆರೆಯೊಳಗಿನದು? ಬಾಡಿಗೆ ಕೋಣೆ ಜನವಸತಿ ಕೇಂದ್ರದೊಳಗಿದೆಯೋ, ಅಥವಾ ಹೆಸರಿಗೆ ಮಾತ್ರ ಅದೇ ನಗರಕ್ಕೆ ಸೇರಿದ ದೂರದ ಅಂಚಿನಲ್ಲಿದೆಯೋ? ಕಾಲೇಜಿಗೂ ಮನೆಗೂ ನಡುವೆ ಬಸ್ಸು ಸಂಜೆಯ ಹೊತ್ತಿಗೂ ರಜಾದಿನಗಳಲ್ಲೂ ಓಡುತ್ತದೆಯೇ? ಚಳಿಗಾಲದಲ್ಲಿ ಹಿಮ ಬಿದ್ದ ಹಾದಿಯಲ್ಲಿ ಅಂಗಡಿಗೆ ಎಷ್ಟು ದೂರ ನಡೆಯಬೇಕು? ಕಾರಿಲ್ಲದ ವಿದ್ಯಾರ್ಥಿಗೆ ಐದು ಸಾವಿರ ಚದರ ಕಿಲೋಮೀಟರಿನ ನಗರಕ್ಕೂ ಇಪ್ಪತ್ತು ಚದರ ಕಿಲೋಮೀಟರಿನ ನಗರಕ್ಕೂ ಇರುವ ಅಂತರ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಅರಿವಾಗುತ್ತದೆ. ಹೋಗುವ ಮೊದಲೇ ಅರಿತರೆ ಖರ್ಚೂ ಆತಂಕವೂ ಕಡಿಮೆ.

ಕೆನಡಾದಷ್ಟು ವಿಶಾಲವಾದ ದೇಶವೂ ಇಂದು ತನ್ನ ನಗರಗಳ ಸುತ್ತ ಗೆರೆ ಎಳೆಯಬೇಕಾಗಿ ಬಂದಿದೆ. ಭೂಮಿ ಅಪಾರವಾಗಿ ಕಾಣಬಹುದು. ಆದರೆ ಬೆಳೆ ಕೊಡುವ ಮಣ್ಣು, ಬಾವಿಗೆ ಇಂಗುವ ನೀರು, ಮನುಷ್ಯ ನಡೆದು ಮುಟ್ಟಬಲ್ಲ ದೂರ ಇವು ಎಲ್ಲ ನಾಡಿನಲ್ಲೂ ಮಿತವಾದವುಗಳೇ. ಆ ಮಿತಿಯನ್ನು ಮೊದಲೇ ಗುರುತಿಸಿಕೊಂಡ ಊರಿನಲ್ಲಿ ಮುಂದಿನ ತಲೆಮಾರಿಗೆ ಮನೆಯೂ ಉಳಿದೀತು, ಹೊಲವೂ ಉಳಿದೀತು.