ಡಾಲರು ಕರಗಿ ಚಮಚವಾದದ್ದು

ಹದಿನೆಂಟನೇ ಶತಮಾನದ ಬಾಸ್ಟನ್ನಿನಲ್ಲಿ ಚಮಚ ಮಾಡಿಸುವವರು ಎಷ್ಟೋ ಸಲ ಬೆಳ್ಳಿಯನ್ನೂ ತಾವೇ ಒಯ್ಯುತ್ತಿದ್ದರು. ಅಲ್ಲಿ ಆಗ ಹೇಳಿಕೊಳ್ಳುವಂಥ ಬೆಳ್ಳಿಗಣಿ ಇರಲಿಲ್ಲ. ವ್ಯಾಪಾರದಲ್ಲಿ ಕೈಸೇರಿದ ಸ್ಪೇನಿನ ಡಾಲರು, ನೆಗ್ಗಿದ ಹಳೆಯ ಪಾತ್ರೆಗಳೇ ಅಕ್ಕಸಾಲಿಗನ ಮೂಸೆ ಸೇರುತ್ತಿದ್ದವು. ಸ್ವಾತಂತ್ರ್ಯ ಸಮರದ ರಾತ್ರಿ ಸವಾರಿಯಿಂದ ಹೆಸರಾದ ಪಾಲ್ ರಿವೀರ್ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಇದೇ ಕಸುಬು. ಡಾಲರನ್ನು ಹಾಗೇ ಇಡದೆ ಚಮಚ ಮಾಡಿಸುವುದಕ್ಕೆ ಕಾರಣವೂ ಇತ್ತು: ಕಳುವಾದ ನಾಣ್ಯ ಯಾರದೆಂದು ಹೇಳುವುದು ಕಷ್ಟ. ಅಕ್ಷರ ಕೆತ್ತಿಸಿದ ಚಮಚವಾದರೆ ಗುರುತು ಹಿಡಿಯಬಹುದಿತ್ತು.

ಅಪ್ಪಟ ಬೆಳ್ಳಿ ಮೆದು, ಬಲು ಬೇಗ ಬಾಗುತ್ತದೆ. ನಾಣ್ಯದ ಬೆಳ್ಳಿಯಲ್ಲಿ ಸಾವಿರಕ್ಕೆ ಸುಮಾರು 900 ಭಾಗ ಬೆಳ್ಳಿ, ಮಿಕ್ಕಿದ್ದು ಹೆಚ್ಚಾಗಿ ತಾಮ್ರ. ತಾಮ್ರದ ಪರಮಾಣು ಬೆಳ್ಳಿಯದಕ್ಕಿಂತ ಚಿಕ್ಕದು. ಅದು ನಡುವೆ ಸೇರಿಕೊಂಡರೆ ಪರಮಾಣುಗಳ ಪದರಗಳು ಸಲೀಸಾಗಿ ಜಾರುವುದಿಲ್ಲ. ಸುತ್ತಿಗೆಯ ಪೆಟ್ಟು ಲೋಹವನ್ನು ಇನ್ನಷ್ಟು ಗಡುಸಾಗಿಸುತ್ತದೆ, ಅತಿಯಾದರೆ ಸೀಳುತ್ತದೆ. ಅದಕ್ಕೇ ನಡುನಡುವೆ ಕಾಸಿ ಮೆದುಮಾಡಿಕೊಂಡು ಮತ್ತೆ ಬಡಿಯಬೇಕು.

ಇಂಗ್ಲೆಂಡಿನಂತೆ ದೇಶಕ್ಕೆಲ್ಲ ಅನ್ವಯಿಸುವ ಸರ್ಕಾರಿ ಪರೀಕ್ಷೆ ಅಮೆರಿಕದಲ್ಲಿರಲಿಲ್ಲ. ಚಮಚದ ಬೆನ್ನಿಗೆ ಒತ್ತಿದ ಅಕ್ಕಸಾಲಿಗನ ಮುದ್ರೆಯೇ ಖಾತರಿ. ಹತ್ತೊಂಬತ್ತನೇ ಶತಮಾನದಲ್ಲಿ ಅದರ ಪಕ್ಕಕ್ಕೆ ‘ಕಾಯಿನ್’ (ನಾಣ್ಯ) ಎಂಬ ಒತ್ತು ಬಂತು. 1859ರಲ್ಲಿ ನೆವಾಡದ ಕಾಮ್‌ಸ್ಟಾಕ್ ಬೆಳ್ಳಿನಿಕ್ಷೇಪ ಬಯಲಾಯಿತು. 1860ರ ದಶಕ ಮುಗಿಯುವಷ್ಟರಲ್ಲಿ ದೊಡ್ಡ ತಯಾರಕರು ಸಾವಿರಕ್ಕೆ 925 ಭಾಗ ಬೆಳ್ಳಿಯಿರುವ ಸ್ಟರ್ಲಿಂಗ್‌ಗೆ ಹೊರಳಿದ್ದರು.

ಹಿಡಿಯ ತುದಿಯಲ್ಲಿ ಕೆಲವೊಮ್ಮೆ ಮೂರು ಅಕ್ಷರ ತ್ರಿಕೋನವಾಗಿ ಕೂತಿರುತ್ತವೆ. ಮೇಲಿನದು ಮನೆತನದ್ದು, ಕೆಳಗಿನವು ಗಂಡ-ಹೆಂಡತಿಯವು. ಮದುವೆ ದಾಖಲೆ ಹುಡುಕುವವರಿಗೆ ಇಷ್ಟು ಸುಳಿವು ಸಾಕು. ಇನ್ನು ಚಮಚದ ಬಾಯಿಯನ್ನು ನೋಡಿ: ಹಿಡಿ ನಮ್ಮ ಕಡೆಗಿರುವಾಗ ಅದರ ಎಡ ತುದಿ ಸವೆದು ಓರೆಯಾಗಿದ್ದರೆ, ಬಲಗೈಯವರು ವರ್ಷಗಟ್ಟಲೆ ಅದರಿಂದ ಪಾತ್ರೆ ಕೆರೆದಿದ್ದಾರೆ. ಹೆಸರು ಅಳಿದರೂ ಕೈಬಳಕೆಯ ಗುರುತು ಉಳಿಯುತ್ತದೆ.

ಕಪ್ಪು ಹಿಡಿದಾಗ ಆತುರ ಬೇಡ. ಗಾಳಿಯಲ್ಲಿನ, ಮೊಟ್ಟೆಯಲ್ಲಿನ ಗಂಧಕದ ಸಂಯುಕ್ತಗಳು ತಾಗಿ ಮೇಲೆ ಬೆಳ್ಳಿಯ ಸಲ್ಫೈಡ್ ಕಟ್ಟಿರುತ್ತದೆ, ಅಷ್ಟೇ. ಪಾಲಿಶ್ ಹಾಕಿ ತಿಕ್ಕಿದಾಗೆಲ್ಲ ಒಂದಿಷ್ಟು ಬೆಳ್ಳಿಯೂ ಹೋಗುತ್ತದೆ. ಮೊದಲು ಮಾಸುವುದು ತೆಳುವಾಗಿ ಕೆತ್ತಿದ ಅಕ್ಷರ. ಬಿಸಿನೀರು, ಅಡುಗೆ ಸೋಡಾ, ಅಲ್ಯುಮಿನಿಯಂ ಹಾಳೆಯ ಉಪಾಯದಲ್ಲಿ ಗಂಧಕ ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ಉಳಿಯುತ್ತದೆ. ಆದರೆ ಕೆತ್ತನೆಯ ಗೆರೆಗಳನ್ನು ಎತ್ತಿ ತೋರಿಸುವ ಕಪ್ಪೂ ಜತೆಗೇ ಹೋಗುತ್ತದೆ.

1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರಿನ ಹತ್ತಿರ ಮುಟ್ಟಿದಾಗ ಹಳೆಯ ಪಾತ್ರೆಪಗಡಗಳು ರಾಶಿರಾಶಿಯಾಗಿ ಮೂಸೆಗೆ ಹೋದವು. ಇಂದಿಗೂ ಕೆಲವು ಮಾರಾಟಗಾರರು ‘ಬೇರೆಯವರ ಹೆಸರು ಯಾಕೆ’ ಎಂದು ಅಕ್ಷರಗಳನ್ನು ಉಜ್ಜಿಸಿಬಿಡುತ್ತಾರೆ. ಹಾಗೆ ನುಣುಪಾದ ಚಮಚಕ್ಕಿಂತ ಸವೆದು ಗೀರುಬಿದ್ದು, ಅಕ್ಷರ ಉಳಿಸಿಕೊಂಡದ್ದಕ್ಕೇ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ.