ಊರ ಉದ್ಯಾನದಲ್ಲಿ ಅರ್ಧ ತಾಸು

“ದಿನಾ ಅರ್ಧ ತಾಸು ನಡೆಯಿರಿ” ಎಂದು ಡಾಕ್ಟರು ಚೀಟಿಯ ಕೊನೆಗೆ ಬರೆದುಕೊಡುತ್ತಾರೆ. ಗುಳಿಗೆ ಅಂಗಡಿಯಲ್ಲಿ ಸಿಗುತ್ತದೆ, ನಡೆಯುವ ಜಾಗ? ಕಬ್ಬಿನ ಹಂಗಾಮಿನಲ್ಲಿ ನಸುಕಿಗೆ ರಸ್ತೆಗಿಳಿದರೆ ಹೇರು ಹೊತ್ತ ಟ್ರ್ಯಾಕ್ಟರುಗಳ ಸಾಲು. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಕಾಲಿಗೆ ಮೆತ್ತುವ ಎರೆಮಣ್ಣು. ಹೆಣ್ಣುಮಕ್ಕಳಿಗಂತೂ ಕತ್ತಲೆಯ ಅಂಜಿಕೆ ಬೇರೆ. ಹೀಗಾಗಿ ಚೀಟಿಯ ಕೊನೆಯ ಸಾಲು ಚೀಟಿಯಲ್ಲೇ ಉಳಿಯುತ್ತದೆ.

ಬೈಲಹೊಂಗಲದವರಿಗೆ ಇದಕ್ಕೆ ಊರೊಳಗೇ ಒಂದು ಉತ್ತರವಿದೆ. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಕಿತ್ತೂರು ರಾಣಿ ಚನ್ನಮ್ಮ ಸೆರೆಯಾಗಿ, 1829ರಲ್ಲಿ ಕೊನೆಯುಸಿರೆಳೆದದ್ದು ಇದೇ ಊರಿನಲ್ಲಿ. ಆಕೆಯ ಸಮಾಧಿಯ ಸುತ್ತ ಒಂದು ಚಿಕ್ಕ ಉದ್ಯಾನವಿದೆ. “ಇಷ್ಟು ಸಣ್ಣ ಜಾಗದಾಗ ಎಂಥಾ ವಾಕಿಂಗ್ ರೀ?” ಎನ್ನುವ ಮೊದಲು ಸ್ವಲ್ಪ ಲೆಕ್ಕ ಹಾಕಿ ನೋಡಿ.

ಸುತ್ತಿನ ಲೆಕ್ಕ

ಚುರುಕಾಗಿ ನಡೆಯುವವರು ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕುತ್ತಾರೆ. ಅರ್ಧ ತಾಸಿಗೆ 3000 ಹೆಜ್ಜೆ, ಅಂದರೆ ಹೆಚ್ಚುಕಡಿಮೆ 2 ಕಿಲೋಮೀಟರ್. ನೀವು ನಡೆಯುವ ಜಾಗದ ಒಂದು ಸುತ್ತಿಗೆ 200 ಹೆಜ್ಜೆಯಾದರೆ 15 ಸುತ್ತು ಸಾಕು. ಲೆಕ್ಕ ತಪ್ಪುತ್ತದೆಯೇ? ಜೇಬಿನಲ್ಲಿ 15 ಹುಣಸೆ ಬೀಜ ಇಟ್ಟುಕೊಂಡು, ಸುತ್ತಿಗೊಂದರಂತೆ ಇನ್ನೊಂದು ಜೇಬಿಗೆ ಹಾಕುತ್ತ ಬನ್ನಿ. ಅರ್ಧ ಮುಗಿದ ಮೇಲೆ ದಿಕ್ಕು ಬದಲಿಸಿ, ಬೇಸರ ಕಡಿಮೆಯಾಗುತ್ತದೆ.

ವೇಗ ಎಷ್ಟಿರಬೇಕು? ಜೊತೆಗಿದ್ದವರೊಡನೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ವೇಗ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ತಾಸಿನಂತೆ ಐದು ದಿನ ನಡೆದರೆ ಅದು ತುಂಬುತ್ತದೆ. ಒಮ್ಮೆಲೇ ಆಗದಿದ್ದರೆ ಬೆಳಿಗ್ಗೆ 15, ಸಂಜೆ 15 ನಿಮಿಷ ಮಾಡಿ.

“ನಾವು ದಿನಾ ಹೊಲಕ್ಕ ಹೋಗ್ತೀವಿ, ಮತ್ತ್ಯಾಕ ತಿರುಗೋದು?” ಎನ್ನುವವರುಂಟು. ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಆ ಮಾತು ಸರಿ. ಆದರೆ ಬೈಕಿನಲ್ಲಿ ಹೋಗಿ, ಬದುವಿನ ಮೇಲೆ ನಿಂತು ಕೆಲಸ ಹೇಳಿ ಬರುವವರಿಗೆ, ಅಂಗಡಿಯ ಗಲ್ಲೆಯ ಹಿಂದೆ ದಿನವಿಡೀ ಕೂತವರಿಗೆ ಅದು ಸಲ್ಲದು. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ನಿತ್ಯದ ನಡಿಗೆಯಿಂದ ರಕ್ತದೊತ್ತಡವೂ ಹತೋಟಿಗೆ ಬರಲು ಸಹಾಯವಾಗುತ್ತದೆ. ಹಾಗೆಂದು ಡಾಕ್ಟರನ್ನು ಕೇಳದೆ ಗುಳಿಗೆ ಮಾತ್ರ ಬಿಡಬೇಡಿ.

ಎಚ್ಚರವಿರಲಿ

ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ನಡೆಯಬಾರದು. ಮನೆಗೆ ಬಂದ ಮೇಲೆ ಪಾದ ನೋಡಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇರಲಿ. ಕೈ ನಡುಗಿ ಬೆವರು ಬಂದರೆ ಕೂತು ತಿನ್ನಿ. ಎದೆ ಹಿಡಿದಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, “ವಾಯು ಆಗಿರಬೇಕು” ಎಂದು ಸುತ್ತು ಮುಗಿಸಲು ಹೋಗದೆ ಅಲ್ಲೇ ನಿಂತು, ಕೂಡಲೇ ಆಸ್ಪತ್ರೆ ಸೇರಿ.

ಈ ಲೆಕ್ಕ ಎಲ್ಲ ಊರಿಗೂ ಹೊಂದುತ್ತದೆ. ಕಿತ್ತೂರಿನವರಿಗೆ ಕೋಟೆಯ ಆವರಣವಿದೆ. ರಾಮದುರ್ಗದವರು ಶಾಲೆಯ ಮೈದಾನದಲ್ಲಿ ಸುತ್ತಬಹುದು. ಸವದತ್ತಿಯವರು ಮೊಣಕಾಲು ನೋವಿದ್ದರೆ ಯಲ್ಲಮ್ಮನ ಗುಡ್ಡದ ಏರು ಬಿಟ್ಟು ಸಮತಟ್ಟು ಜಾಗ ಹುಡುಕಿಕೊಳ್ಳುವುದು ಲೇಸು.

ನಾಳೆಯ ಉದ್ಯಾನ

ಚಿಕ್ಕ ಉದ್ಯಾನವನ್ನು ಆರೋಗ್ಯದ ತಾಣ ಮಾಡಲು ಕಾರಂಜಿ ಬೇಕಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಹಾಗೇ ಹಾಸಿದ ಕಲ್ಲು ಏರುಪೇರಾಗಿ ಮುದುಕರ ಕಾಲು ಎಡವುತ್ತದೆ. ಆದ್ದರಿಂದ ಕೆಳಗೆ ಗರಸು ಹಾಕಿ ಗಟ್ಟಿ ಮಾಡಿದ ದಾರಿ ಬೇಕು. ಐವತ್ತು ಹೆಜ್ಜೆಗೊಂದು ಬೆಂಚು, ಬೇವು-ಹೊಂಗೆಯ ನೆರಳು, ನಸುಕಿಗೂ ಸಂಜೆಗೂ ದೀಪ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ ಇಷ್ಟಿದ್ದರೆ ಸಾಕು. ಉದ್ಯಾನ, ಮೈದಾನಗಳ ರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಆದರೆ ಯಾರೂ ಕಾಲಿಡದ ತೋಟದ ಪರವಾಗಿ ಕೇಳುವವರು ಯಾರು? ದಿನಾ ನಡೆಯುವ ಇಪ್ಪತ್ತು ಜನ ಸೇರಿ ಬರೆದ ಅರ್ಜಿಗೆ ಹೆಚ್ಚು ತೂಕವಿರುತ್ತದೆ.

ಒಂದು ಮಾತು. ಅದು ಸಮಾಧಿಯ ಸ್ಥಳ. ಎಲೆಅಡಿಕೆ ಉಗುಳದೆ, ಕಾಗದ ಚೆಲ್ಲದೆ, ಮೊಬೈಲಿನ ಹಾಡು ಜೋರು ಮಾಡದೆ ನಡೆಯಿರಿ. ಸೆರೆಯಲ್ಲೇ ಕಣ್ಣು ಮುಚ್ಚಿದ ರಾಣಿಯ ಸನ್ನಿಧಿಯಲ್ಲಿ ಊರಿನ ತಾಯಂದಿರು, ಸೊಸೆಯಂದಿರು ನಿರ್ಭಯವಾಗಿ ಸುತ್ತುವಂತಾದರೆ ಅದಕ್ಕಿಂತ ದೊಡ್ಡ ಗೌರವ ಬೇಕೇ?

ನಾಳೆ ನಸುಕಿಗೆ ಮನೆಯವರನ್ನೂ ಎಬ್ಬಿಸಿ. ಮೊದಲ ದಿನ ಐದೇ ಸುತ್ತು ಸಾಕು.