ಎರಡು ಬೆರಳಗಲದ ವ್ಯತ್ಯಾಸ

ರೇಸ್ ಸೈಕಲ್ ಕೊಳ್ಳುವುದೋ, ದೂರದ ಸವಾರಿಗೆಂದೇ ರೂಪಿಸಿದ ಎಂಡ್ಯೂರೆನ್ಸ್ ಸೈಕಲ್ಲೋ? ಈ ಗೊಂದಲದಲ್ಲಿರುವವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ತೂಕವನ್ನು. ವಿಚಾರಿಸಬೇಕಾದದ್ದು ‘ಸ್ಟ್ಯಾಕ್’. ಪೆಡಲ್ ಸುತ್ತುವ ಅಚ್ಚಿನಿಂದ ಫ್ರೇಮಿನ ಮುಂಗೊಳವೆಯ ತುದಿಯವರೆಗಿನ ಎತ್ತರ ಅದು. ಒಂದೇ ಸೈಜಿನಲ್ಲಿ ಎಂಡ್ಯೂರೆನ್ಸ್ ಸೈಕಲ್ಲಿನ ಸ್ಟ್ಯಾಕ್ ಸಾಮಾನ್ಯವಾಗಿ ಎರಡು-ಮೂರು ಸೆಂ.ಮೀ. ಹೆಚ್ಚು. ಹೆಚ್ಚೆಂದರೆ ಎರಡು ಬೆರಳಗಲ. ನಿಮ್ಮ ಬೆನ್ನು ಎಷ್ಟು ಬಾಗಬೇಕೆಂಬುದು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ.

ಬಾಗುವುದಾದರೂ ಏಕೆ? ಸಮತಟ್ಟು ರಸ್ತೆಯಲ್ಲಿ ವೇಗ ಏರಿದಂತೆ ನಮ್ಮನ್ನು ಮುಖ್ಯವಾಗಿ ತಡೆಯುವುದು ಗಾಳಿ. ಆ ಗಾಳಿಗೆ ಅಡ್ಡ ನಿಲ್ಲುವುದು ಸೈಕಲ್ಲಿಗಿಂತ ಹೆಚ್ಚಾಗಿ ನಮ್ಮ ಮೈ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ: ಗಂಟೆಗೆ 25 ಕಿ.ಮೀ.ನಿಂದ 35ಕ್ಕೆ ಏರಿದರೆ ಸುಮಾರು 2.7 ಪಟ್ಟು. ರೇಸಿನವರು ಹ್ಯಾಂಡಲ್ಲಿನ ಮೇಲೆ ಕವುಚಿಕೊಳ್ಳುವುದು ಇದಕ್ಕೇ. ಆದರೆ ಆ ಭಂಗಿಯನ್ನು ಸೊಂಟ, ಕತ್ತು, ಅಂಗೈ ತಾಳಿಕೊಳ್ಳಬೇಕಲ್ಲ! ಗಂಟೆ ಕಳೆಯುವುದರೊಳಗೆ ನೋವಿಗೆ ನೆಟ್ಟಗಾದರೆ ರೇಸ್ ಫ್ರೇಮಿನ ಲಾಭ ಅಲ್ಲಿಗೆ ಮುಗಿಯಿತು.

ಕೆಟ್ಟ ರಸ್ತೆಯ ಮಾತು ಬೇರೆ. ಉತ್ತರ ಫ್ರಾನ್ಸಿನ ಪ್ಯಾರಿಸ್-ರೂಬೆ ರೇಸು ಕಲ್ಲುಹಾಸಿನ ದಾರಿಗೆ ಹೆಸರುವಾಸಿ. ಸ್ಪೆಷಲೈಸ್ಡ್ ಕಂಪನಿ ತನ್ನ ಎಂಡ್ಯೂರೆನ್ಸ್ ಸೈಕಲ್ಲಿಗೆ ‘ರೂಬೆ’ ಎಂದೇ ಹೆಸರಿಟ್ಟಿದೆ. ಆದರೆ 2024ರಲ್ಲಿ ಅಲ್ಲಿ ಗೆದ್ದ ನೆದರ್ಲೆಂಡ್ಸಿನ ಮಾತ್ಯು ವಾನ್ ಡೆರ್ ಪೂಲ್ ಏರಿದ್ದು ಕ್ಯಾನಿಯನ್ ಏರೋಡ್ ಎಂಬ ಅಪ್ಪಟ ರೇಸ್ ಸೈಕಲ್ಲನ್ನು. ಸುಮಾರು 260 ಕಿ.ಮೀ. ದಾರಿ, ಅದರಲ್ಲಿ 55 ಕಿ.ಮೀ.ಗೂ ಹೆಚ್ಚು ಕಲ್ಲು. ಸರಾಸರಿ ವೇಗ ಗಂಟೆಗೆ 47.8 ಕಿ.ಮೀ.! ಕಲ್ಲಿನ ಹೊಡೆತವನ್ನು ನುಂಗಿದ್ದು ದಪ್ಪ ಟೈರು. ಬಿಗಿಯಾಗಿ ಗಾಳಿ ತುಂಬಿದ ಸಪೂರ ಟೈರು ಪ್ರತಿ ಉಬ್ಬಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲೆತ್ತಿ ಕುಕ್ಕುತ್ತದೆ. ತುಳಿದ ಶಕ್ತಿಯ ಒಂದು ಪಾಲು ಮೈಯ ನಡುಕವಾಗಿ ಪೋಲಾಗುತ್ತದೆ. ಕಡಿಮೆ ಒತ್ತಡದ ದಪ್ಪ ಟೈರು ತಾನೇ ತಗ್ಗಿ ಉಬ್ಬನ್ನು ದಾಟುತ್ತದೆ.

ಹಾಗೆಂದು ಅವರ ಸೈಕಲ್ ನಮಗೂ ಸರಿಹೋದೀತೆ? ಅವರದು ವರ್ಷಗಟ್ಟಲೆ ಪಳಗಿದ ಬೆನ್ನು. ದೂರ ಸವಾರರು ಗಡುವಿನೊಳಗೆ ಮುಗಿಸಬೇಕಾದ ಸವಾರಿಗೆ ‘ಬ್ರೆವೆ’ ಎನ್ನುತ್ತಾರೆ. 200 ಕಿ.ಮೀ. ಬ್ರೆವೆಗೆ ಇರುವ ಗಡುವು ಹದಿಮೂರೂವರೆ ಗಂಟೆ, ಅಂದರೆ ಗಂಟೆಗೆ 15 ಕಿ.ಮೀ.ಗೂ ಕಡಿಮೆ. ಆ ವೇಗದಲ್ಲಿ ಗಾಳಿ ಅಷ್ಟು ದೊಡ್ಡ ಶತ್ರುವಲ್ಲ, ಸೊಂಟನೋವು ಹೌದು. ರೇಸಿಗಿಳಿಯದವರಿಗೆ ಎಂಡ್ಯೂರೆನ್ಸ್ ಸೈಕಲ್ಲೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವುದನ್ನೇ ಆರಿಸಿ, ಹಣ ಕೊಡುವ ಮುನ್ನ ಫ್ರೇಮಿಗೆ 32 ಮಿ.ಮೀ. ಟೈರು ಹಿಡಿಸುತ್ತದೆಯೇ ಎಂದು ಕೇಳಿಕೊಳ್ಳಿ.